ಹುಲ್ಲಿಗಿ ನೀರು ಬಂದ್: ಸ್ವಂತ ಬೋರ್ ಇದ್ದೋರಿಗೂ ಈ ನಿಯಮ ಅದೇನ್ರಿ? (ಕಲಬುರಗಿ)

ಹಸಿರಂಗಳ · ಸೋಮವಾರ ರಾತ್ರಿ 9:40

ನಮಸ್ಕಾರ್ರಿ ಎಲ್ಲಾರಿಗೂ. ರಿಂಗ್ ರೋಡಿನ ಆಚಿ ಕಡಿ ನಮ್ಮ ಲೇಔಟ್. ಮೊನ್ನಿ ನಿವಾಸಿಗಳ ಸಂಘದೋರು ಗೇಟಿಗಿ ನೋಟಿಸ್ ಅಂಟಿಸ್ಯಾರ. ನಳದ ನೀರು ಹುಲ್ಲಿಗಿ ಪೂರಾ ಬಂದ್. ಬೋರಿನ ನೀರಾದ್ರ ಸರಿ ನಂಬರಿನ ಮನಿಯೋರಿಗಿ ಬುಧವಾರ, ಬೆಸ ನಂಬರಿನೋರಿಗಿ ಶನಿವಾರ, ಅದೂ ಮುಂಜಾನಿ 7ರ ಒಳಗ. ಸ್ಪ್ರಿಂಕ್ಲರ್ ಹಚ್ಚಂಗಿಲ್ಲ, ಪೈಪ್ ಬಿಟ್ಟು ಒಳಗ ಹೋಗಿ ಕುಂದ್ರಂಗಿಲ್ಲ. ತಪ್ಪಿದ್ರ 500 ರೂಪಾಯಿ ದಂಡ.

ನಮ್ಮನಿ ಮುಂದ 20×30 ಅಡಿ ಹುಲ್ಲದ. ಎರಡು ವರ್ಷದ ಹಿಂದ ಕಾರ್ಪೆಟ್ ಹುಲ್ಲು ಹಾಸಿಸಿದ್ದೆ, ಈಗ ಅದರಾಗ ಅರ್ಧ ಕರಕಿ ಹಬ್ಬ್ಯಾದ. ಬೋರ್ ನಂದು, ರೊಕ್ಕ ನಂದು, ಕರೆಂಟ್ ಬಿಲ್ ನಂದು. ನನ್ನ ಜಾಗದಾಗಿನ ನೀರಿನ ಮ್ಯಾಲ ಸಂಘದೋರದ್ದೇನು ಹಕ್ಕು? ಇನ್ನೊಂದು, ವಾರಕ್ಕೊಮ್ಮೆ ನೀರು ಕೊಟ್ರ ಈ ಧಗಿಯೊಳಗ ಹುಲ್ಲು ಉಳೀತದೇನ್ರಿ? ಮೂರು ದಿನ ಆತು ನಿಲ್ಲಿಸಿ. ಕಂಪೌಂಡ್ ಗ್ವಾಡಿ ಅಂಚಿಗಿ ಆಗ್ಲೇ ಬಣ್ಣಗೆಟ್ಟದ. ನಡದ್ರ ಕಾಲಿನ ಗುರುತು ಹಂಗೇ ಉಳೀತಾದ, ಹುಲ್ಲು ಏಳಂಗಿಲ್ಲ.

ಮಟಮಟ_ಮಧ್ಯಾಹ್ನ

ಅಣ್ಣಾ, ಸೂಪರ್ ಮಾರ್ಕೆಟ್ ರೋಡಿನಾಗ ಡಾಂಬರ್ ಕರಗಿ ನನ್ನ ಚಪ್ಪಲ್ ಅಂಟ್ಕೊಂಡದ. ನೀವು ಹುಲ್ಲಿಗಿ ಜ್ವರಾ ಬಂದಾವಂತ ಹಣಿ ಮುಟ್ಟಿ ನೋಡ್ಲಾಕತ್ತೀರಿ.

ಕರಿಮಣ್ಣು

ನಾ ಜೇವರ್ಗಿ ಕಡಿಯಂವ. ಕರಕಿ ಸಾಯ್ತದಂತ ಅಂಜೋರನ್ನ ಇವತ್ತೇ ನೋಡಿದ್ದು ನಾ.

ನಮ್ಮ ಹೊಲದಾಗ ಒಂದು ಎಕ್ರೆಕ್ಕ ಕರಕಿ ಹತ್ತಿತ್ತು. ಕುಂಟಿ ಹೊಡದ್ರ ತುಂಡಾಗಿ ತುಂಡಿಗೊಂದು ಗಿಡ ಆಗ್ತಿತ್ತು. ನಮ್ಮಪ್ಪ ಒಂದು ಬ್ಯಾಸಿಗಿ ಪೂರಾ ಆಳು ಹಚ್ಚಿ ಗುದ್ಲಿ ಹಿಡದು ಎರಡು ಮೊಳ ಆಳ ಅಗಸಿದ, ಬೇರು ಆರಿಸಿ ಒಡ್ಡಿನ ಮ್ಯಾಲ ಒಣಗಿಸಿ ಸುಟ್ಟ. ಮಿರಗದ ಮಳಿ ಬಿದ್ದು ಎಂಟು ದಿನ ಆಗಿದ್ದಿಲ್ಲ, ಅದೇ ಜಾಗದಾಗ ಹಸರ ಚುಕ್ಕಿ. ಅಂಥಾದ್ದಕ್ಕ ನೀವು ಬೋರ್ ಹಚ್ಚಿ ನೀರು ಕುಡಸ್ಲಾಕತ್ತೀರಿ!

2023ರಾಗ ಏನಾತು ನೆನಪದಲ್ಲ? ಜೂನ್ ಒಣ ಹೋತು, ಜುಲೈನಾಗ ಸುರೀತು, ಆಗಸ್ಟ್‌ನಾಗ ಕೈ ಕೊಡ್ತು. ದೇಶದಾಗ 1901ರಿಂದ ಇಷ್ಟು ಒಣ ಆಗಸ್ಟ್ ಬಂದಿದ್ದಿಲ್ಲ ಅಂತ ಹವಾಮಾನ ಇಲಾಖಿಯೋರೇ ಹೇಳ್ಯಾರ. 2023ರ ಸೆಪ್ಟೆಂಬರ್‌ನಾಗ ಸರ್ಕಾರ 195 ತಾಲ್ಲೂಕು ಬರ ಅಂತು. ಆಮ್ಯಾಲ ಸೇರಿಸ್ಕೋತ ಸೇರಿಸ್ಕೋತ 236ರಾಗ 223 ಆದ್ವು. ತೊಗರಿ ಹೂವು ಕಟ್ಟೋ ಹೊತ್ತಿಗಿ ನೆಲದಾಗ ಹಸಿ ಇದ್ದಿಲ್ಲ. ನಿಮ್ಮ ನೋಟಿಸ್ ಈಗ ಬಂದಾದ, ನಮಗ ಅವತ್ತೇ ಬಂದಿತ್ತು.

ಕೊಡಪಾನ

ಹಸಿರಂಗಳ ಅಣ್ಣಾರ, ನಿಮಗ ಬೈಯ್ಯಂಗಿಲ್ಲ ನಾ. ಆದ್ರ ನಮ್ಮ ಓಣಿ ಕಥಿ ಒಂದಿಷ್ಟು ಕೇಳ್ರಿ.

ಹಳೇ ಊರಾಗ ಬಾಡಗಿ ಮನಿ. ನಳಾ ಯಾವಾಗ ಬರ್ತಾವ ಗೊತ್ತಿಲ್ಲ, ಹೋದ ವಾರ ಆರನೇ ದಿನಕ್ಕ ಬಂದಾವ, ರಾತ್ರಿ ಎರಡೂವರಿಗಿ. ಮೊದಲು ಸುಂಯ್ ಅಂತ ಗಾಳಿ ಬರ್ತದ, ಆ ಸಪ್ಪಳಕ್ಕೇ ಓಣಿ ಮಂದಿ ಎಲ್ಲಾ ಎದ್ದು ಕುಂದ್ರತೀವಿ. ಮೊದಲಿನ ಎರಡು ಕೊಡ ಕೆಂಪು ನೀರು, ಅದು ಬಾಂಡಿಗಿ. ಮೂರನೇದ್ರಿಂದ ಕುಡಿಯಾಕ. ಅಷ್ಟೊತ್ತಿಗಿ ಮ್ಯಾಲಿನ ಮನಿಯೋರು ನಳಕ್ಕೇ ಮೋಟಾರ್ ಹಚ್ಚಿರ್ತಾರ, ನಮ್ಮ ನಳಾ ದಾರದಂಗ ಆಗ್ತಾವ. ಒಂದು ತಾಸಿನಾಗ ಹನ್ನೊಂದು ಕೊಡ ತುಂಬೀನಿ. ಅಷ್ಟರಾಗ ಐದು ಮಂದಿ ಮುಂದಿನ ನಳಾ ಬರೋ ತನಕ ನಡಸ್ಬೇಕು.

ನಿಮ್ಮ ಪೈಪಿನಾಗ ಎಷ್ಟು ಕೊಡ ಹೋಗ್ತಾವ, ಒಮ್ಮಿ ಎಣಿಸೀರೇನ್ರಿ?

ಹಸಿರಂಗಳ

ಅಕ್ಕಾರ, ಖರೇ ಹೇಳ್ತೀನಿ, ಎಣಿಸಿಲ್ಲ. ನಾಳೆ ಮುಂಜಾನಿ ಎಣಿಸಿ ಹೇಳ್ತೀನಿ. ಆದ್ರ ನಂದು ಬೋರ್ ನೀರು, ನಿಮ್ಮ ನಳದ್ದಲ್ಲ.

ತೊಗರಿಕಾಕಾ

ನಾನು ಕೃಷಿ ಇಲಾಖೆಯಲ್ಲಿದ್ದು ನಿವೃತ್ತನಾದವನು. ಹುಲ್ಲಿನ ವಿಷಯದಲ್ಲಿ ಜಗಳಕ್ಕಿಂತ ಲೆಕ್ಕ ಒಳ್ಳೆಯದು ತಮ್ಮಾ, ಮೊದಲು ಅದನ್ನು ಮುಗಿಸೋಣ.

ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರು ನಿಂತರೆ ಅದು ಸರಿಯಾಗಿ ಒಂದು ಲೀಟರ್. ನಿನ್ನ 20×30 ಅಡಿ ಅಂದರೆ ಸುಮಾರು 56 ಚದರ ಮೀಟರ್. ನಮ್ಮ ಬೇಸಿಗೆಯಲ್ಲಿ ಹಸಿರಾಗಿರುವ ಹುಲ್ಲಿಗೆ ದಿನಕ್ಕೆ 5 ಮಿ.ಮೀ. ಅಂತ ಕಡಿಮೆಯೇ ಹಿಡಿದರೂ 280 ಲೀಟರ್ ಬೇಕು. ನಗರದಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ 135 ಲೀಟರ್, ಜಲಜೀವನ್ ಮಿಷನ್ ಪ್ರಕಾರ ಹಳ್ಳಿಯಲ್ಲಿ 55 ಲೀಟರ್ ಕೊಡಬೇಕು ಅನ್ನುವುದು ಲೆಕ್ಕ. ನಿನ್ನ ಅಂಗಳ ನಗರದ ಇಬ್ಬರ ಪಾಲು, ಹಳ್ಳಿಯ ಐವರ ಪಾಲು ಕುಡಿಯುತ್ತಿದೆ. ಇದು ಹುಲ್ಲಿಗೆ ಬೇಕಾದಷ್ಟೇ ಕೊಟ್ಟರೆ ಆಗುವ ಲೆಕ್ಕ. ಪೈಪ್ ಹಿಡಿದವರು ಬೇಕಾದಷ್ಟೇ ಕೊಟ್ಟಿದ್ದನ್ನು ನನ್ನ ಸರ್ವಿಸಿನಲ್ಲಿ ಕಂಡಿಲ್ಲ.

ಇನ್ನು ಇಲ್ಲಿಯ ಎರಿ ಮಣ್ಣಿನ, ಅಂದರೆ ಕರಿಮಣ್ಣಿನ ಗುಣ. ಒಣಗಿದಾಗ ಬಾಯಿ ಬಿಡುತ್ತದೆ. ಆಗ ನೀರು ಬಿಟ್ಟರೆ ಬಿರುಕಿನೊಳಗೆ ಇಳಿದು ಬೇರಿಗೆ ಸಿಗದಂತೆ ಹೋಗುತ್ತದೆ. ಒಮ್ಮೆ ಮೇಲಿನ ಪದರ ನೆನೆದು ಉಬ್ಬಿತು ಅನ್ನು, ಬಿರುಕು ಮುಚ್ಚಿಕೊಂಡು ನೀರು ಒಳಗೆ ಇಳಿಯುವುದೇ ಇಲ್ಲ, ಹರಿದು ರಸ್ತೆಗೆ ಹೋಗುತ್ತದೆ. ಅದಕ್ಕೇ ಈ ಮಣ್ಣಿಗೆ ನಿಧಾನಕ್ಕೆ ಕೊಡಬೇಕು. ಹತ್ತು ನಿಮಿಷ ಕೊಟ್ಟು ಅರ್ಧ ತಾಸು ಬಿಟ್ಟು ಮತ್ತೆ ಹತ್ತು ನಿಮಿಷ. ಸೂರ್ಯ ಏರುವ ಮೊದಲು. ಮಧ್ಯಾಹ್ನ ಕೊಟ್ಟಿದ್ದರಲ್ಲಿ ಎಷ್ಟೋ ಪಾಲು ಗಾಳಿಗೇ ಹೋಗುತ್ತದೆ.

ಹುಲ್ಲು ಸಾಯುತ್ತದೆಯೇ ಅಂತ ಕೇಳಿದ್ದಿ. ಕರಕಿ ಸಾಯುವುದಿಲ್ಲ, ಮೇಲೆ ಕಂದು ಬಣ್ಣಕ್ಕೆ ತಿರುಗಿ ಮಲಗುತ್ತದೆ. ಜೀವ ನೆಲದೊಳಗಿನ ಗೆಣ್ಣಿನಲ್ಲಿರುತ್ತದೆ. ಖುರ್ಪಿಯಿಂದ ಒಂದು ಹಿಡಿ ಕಿತ್ತು ನೋಡು. ಬುಡದ ಗೆಣ್ಣು ಬೆಳ್ಳಗೆ, ಗಟ್ಟಿಯಾಗಿದ್ದರೆ ಬದುಕಿದೆ. ಒತ್ತಿದರೆ ಪುಡಿಯಾದರೆ ಹೋಯಿತು. ಕಾರ್ಪೆಟ್ ಹುಲ್ಲು ಅಷ್ಟು ಗಟ್ಟಿಯಲ್ಲ, ಅದಕ್ಕೆ ಮೂರು ವಾರಕ್ಕೊಮ್ಮೆ 10 ಮಿ.ಮೀ. ಕೊಟ್ಟರೆ ಬುಡ ಉಳಿಯುತ್ತದೆ. ನಿನ್ನ ಅಂಗಳಕ್ಕೆ ಅದು 560 ಲೀಟರ್. ಹಸಿರು ಇರುವುದಿಲ್ಲ, ಜೀವ ಇರುತ್ತದೆ.

ಈ ದಿನಗಳಲ್ಲಿ ಯೂರಿಯಾ ಹಾಕಬೇಡ. ಕತ್ತರಿಸಬೇಡ, ಕತ್ತರಿಸಲೇಬೇಕಾದರೆ ಉದ್ದ ಬಿಟ್ಟು ಕತ್ತರಿಸು. ಮಲಗಿದ ಹುಲ್ಲಿನ ಮೇಲೆ ಹುಡುಗರಿಗೆ ಕ್ರಿಕೆಟ್ ಆಡಲು ಬಿಡಬೇಡ.

ಮಟಮಟ_ಮಧ್ಯಾಹ್ನ

ಕಾಕಾ, ಕಡೀ ನಿಯಮ ಸಂಘದೋರಿಂದಲೂ ಜಾರಿ ಮಾಡ್ಲಾಕ ಆಗಂಗಿಲ್ಲ.

ಹಸಿರಂಗಳ · ಮಂಗಳವಾರ ಮುಂಜಾನಿ 6:50

ಎಣಿಸಿದೆ. 20 ಲೀಟರಿನ ಬಕೀಟ್ ಪೈಪಿನ ಬಾಯಿಗಿ ಇಟ್ಟು ಮೊಬೈಲ್ ನೋಡ್ಕೋತ ನಿಂತೆ. 75 ಸೆಕೆಂಡಿಗಿ ತುಂಬ್ತು. ಮಿನಿಟಿಗಿ 16 ಲೀಟರ್ ಬಿತ್ತು. ನಾ ದಿನಾ ಪೇಪರ್ ಓದೋ ತನಕ ಬಿಡ್ತಿದ್ದೆ, 40 ಮಿನಿಟು ಹಿಡೀರಿ. 640 ಲೀಟರ್. ಕಾಕಾ ಹೇಳಿದ 280 ಎಲ್ಲಿ, ನಂದೆಲ್ಲಿ.

ಅಕ್ಕಾರ, 15 ಲೀಟರಿನ ಕೊಡ ಹಿಡದ್ರ 42 ಕೊಡ ಆದ್ವು. ಬರಿಲಾಕ ನಾಚಿಕಿ ಬಂತು, ಆದ್ರೂ ಬರದೀನಿ.

ಆದ್ರ ಕಾಕಾ, ಬೋರಿನ ಮಾತು ಹಂಗೇ ಉಳೀತಲ್ಲ. ಕಾನೂನು ಏನಂತದ?

ತೊಗರಿಕಾಕಾ

ನಾನು ವಕೀಲನಲ್ಲ. ಗೊತ್ತಿರುವಷ್ಟು ಹೇಳುತ್ತೇನೆ. ರಾಜ್ಯದ ಅಂತರ್ಜಲ ಕಾಯ್ದೆ 2011ರದ್ದು. ಅಧಿಸೂಚಿತ ಪ್ರದೇಶದಲ್ಲಿ ಹೊಸ ಬೋರ್ ಕೊರೆಸಲು ಅನುಮತಿ ಬೇಕು, ಇರುವ ಬೋರನ್ನು ನೋಂದಾಯಿಸಬೇಕು. ಕೇಂದ್ರ ಅಂತರ್ಜಲ ಪ್ರಾಧಿಕಾರ 2020ರ ಅಕ್ಟೋಬರಿನಲ್ಲಿ, ನೆಲದಿಂದ ಎತ್ತಿದ ಕುಡಿಯುವ ನೀರನ್ನು ಪೋಲು ಮಾಡಬಾರದು ಅಂತ ದೇಶಕ್ಕೆಲ್ಲ ಆದೇಶ ಮಾಡಿದೆ. ಬೆಂಗಳೂರಿನ ಜಲಮಂಡಳಿ 2024ರ ಮಾರ್ಚಿನಲ್ಲಿ ಕುಡಿಯುವ ನೀರಿನಲ್ಲಿ ಕಾರು ತೊಳೆಯುವುದು, ಕೈತೋಟಕ್ಕೆ ಹಾಕುವುದು, ಕಾರಂಜಿ, ಕಟ್ಟಡದ ಕೆಲಸ ಎಲ್ಲ ನಿಲ್ಲಿಸಿ 5,000 ರೂಪಾಯಿ ದಂಡ ಇಟ್ಟಿತು. ಮತ್ತೆ ಸಿಕ್ಕಿಬಿದ್ದರೆ ಇನ್ನೊಂದು 5,000, ಮೇಲೆ ದಿನಕ್ಕೆ 500. ನಿಮ್ಮ ಸಂಘದ 500 ರೂಪಾಯಿ ನೆರೆಹೊರೆಯವರು ಮಾಡಿಕೊಂಡ ಒಪ್ಪಂದ, ಅದಕ್ಕೆ ಕಾನೂನಿನ ಬಲ ಇಲ್ಲದಿರಬಹುದು. ಆದರೆ ನೆಲದ ಕೆಳಗೆ ನಿನ್ನ ಕಂಪೌಂಡ್ ಗೋಡೆ ಇಲ್ಲ. ಕಲಬುರಗಿ ಊರು ಕುಳಿತಿರುವುದು ಕರಿಗಲ್ಲಿನ ಮೇಲೆ. ಕಲ್ಲಿನ ಬಿರುಕಿನಲ್ಲಿ ಎಷ್ಟು ನೀರಿದೆಯೋ ಅಷ್ಟೇ, ಮತ್ತು ಒಂದೇ ಬಿರುಕಿಗೆ ನಾಲ್ಕು ಮನೆಯ ಬೋರ್ ಬಾಯಿ ಹಾಕಿರುತ್ತವೆ.

ಪಕ್ಕದ_ಮನಿ

ನಾ ಸುಮ್ಮನಿರಬೇಕಂತ ಮಾಡಿದ್ದೆ. ಹಸಿರಂಗಳ ಸರ್, ನಿಮ್ಮ ಬರವಣಿಗಿ ಮ್ಯಾಲೇ ಗುರ್ತು ಸಿಕ್ತು, ನಾ ನಿಮ್ಮ ಎಡಗಡಿ ಮನಿಯಂವ. ನೀವು ಮುಂಜಾನಿ ಆರಕ್ಕ ಮೋಟಾರ್ ಚಾಲೂ ಮಾಡ್ತೀರಿ. ಆರೂ ಹತ್ತಕ್ಕ ನಮ್ಮ ಬೋರ್ ಗಾಳಿ ಕಾರ್ತದ. ಮೊದಲು ನಮ್ಮ ಪಂಪ್ ಕೆಟ್ಟದಂತ ಮೆಕ್ಯಾನಿಕ್‌ನ ಕರಸಿ ರೊಕ್ಕಾ ಕೊಟ್ಟೆ. ಅಂವ ಎಲ್ಲಾ ಬಿಚ್ಚಿ ನೋಡಿ ಪಂಪ್ ಸರಿ ಅದ ಅಂದ. ಶನಿವಾರದಿಂದ ನೀವು ನೀರು ನಿಲ್ಲಿಸೀರಿ, ಶನಿವಾರದಿಂದ ನಮ್ಮ ಟ್ಯಾಂಕ್ ತುಂಬ್ಲಾಕತ್ತಾದ. ಎದುರಿಗಿ ಹೇಳ್ಲಾಕ ಸಂಕೋಚ ಆಗಿತ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ.

ಹಸಿರಂಗಳ

ಅಯ್ಯೋ ಸರ್, ಒಂದು ಮಾತು ಹೇಳ್ಬಾರದೇನ್ರಿ? ಸಂಜಿಗಿ ಚಾಕ್ಕ ಬರ್ರಿ. ಮೆಕ್ಯಾನಿಕ್‌ನ ರೊಕ್ಕದ್ದೂ ಮಾತಾಡೋಣು.

ಸುರಂಗಬಾವಿ

ಬೀದರಿನಿಂದ ಬರೀಲಾಕತ್ತೀನಿ. ನಿಮ್ಮದು ಕರಿಮಣ್ಣು, ನಮ್ಮದು ಕೆಂಪು. ಇಲ್ಲಿ ಕೆಂಪು ಕಲ್ಲು ಜರಡಿ ಇದ್ದಂಗ, ಮ್ಯಾಲ ಹಾಕಿದ್ದು ಸರ್ರಂತ ಕೆಳಗ ಹೋಗ್ತದ. ಕಾಕಾ ಹೇಳಿದ ಹತ್ತು ಮಿನಿಟಿನ ಲೆಕ್ಕ ಇಲ್ಲಿಗಿ ಬ್ಯಾರೆ. ಸ್ವಲ್ಪ ಸ್ವಲ್ಪ, ಆದ್ರ ಪದೇ ಪದೇ ಕೊಡಬೇಕಾಗ್ತದ. ಅದಕ್ಕೇ ನಾನಂತೂ ಹುಲ್ಲಿನ ತಂಟಿಗೇ ಹೋಗಿಲ್ಲ.

ಹಿಂದಿನೋರು ಈ ಜರಡಿ ಗುಣಾ ತಿಳದೇ ನೌಬಾದಿನ ಸುರಂಗ ಬಾವಿ ತೋಡ್ಯಾರ. ಬಹಮನಿ ಕಾಲದ್ದು, ಸುಮಾರು 3 ಕಿಲೋಮೀಟರ್. ಕೆಂಪು ಕಲ್ಲಿನಾಗ ಇಳಿದ ಮಳಿನೀರು ಕೆಳಗಿನ ಕರಿಗಲ್ಲಿಗಿ ತಾಗಿ ನಿಲ್ತದಲ್ಲ, ಆ ಸಂದಿ ಹಿಡದೇ ಸುರಂಗ ಹೋಗ್ಯಾದ. ಮೋಟಾರ್ ಇಲ್ಲ, ಇಳಿಜಾರಿಗಿ ತಾನೇ ಹರೀತಾದ. ನಡುನಡುವೆ ಮ್ಯಾಲಿಂದ ಗಾಳಿ ಬಾವಿಗಳು. ನಾವು ಸಣ್ಣೋರಿದ್ದಾಗ ಆ ಬಾವಿಗಳಾಗ ಕಸಾ ಒಗೀತಿದ್ರು. ಆಮ್ಯಾಲ ಹೂಳು ತಗದ್ರು, ನೀರು ಕಂಡ್ವು.

(ಬಹಮನಿಯೋರು ರಾಜಧಾನಿ ಕಲಬುರಗಿ ಬಿಟ್ಟು ಬೀದರಿಗಿ ಯಾಕ ಬಂದ್ರಂತ ಈಗ ತಿಳೀತೇನ್ರಿ? ನಗಬ್ಯಾಡ್ರಿ.)

ಕರಿಮಣ್ಣು

ರಾಜಧಾನಿ ಒಯ್ದ್ರಿ, ತೊಗರಿ ಬ್ಯಾಳಿ ಒಯ್ಯಲಾಕ ಆಗಿಲ್ಲಲ್ಲ. ಜಿಐ ಟ್ಯಾಗ್, ಅದೇ ಭೌಗೋಳಿಕ ಗುರುತು, ನಮಗೇ ಸಿಕ್ಕದ.

ಭೀಮಾತೀರ

ಯಾದಗಿರಿ. ನಮ್ಮ ಕಡಿ ಭೀಮಾ ನೋಡ್ಲಾಕ ಬರ್ರಿ, ಮಳಲಿನ ನಡುವ ಅಲ್ಲೊಂದು ಇಲ್ಲೊಂದು ಮಡುವು, ಅದರಾಗ ಎಮ್ಮಿ. ಮ್ಯಾಲ ಮಹಾರಾಷ್ಟ್ರದ ಉಜನಿ ಡ್ಯಾಮಿನಿಂದ ಬಿಟ್ರ ಬಂತು, ಇಲ್ಲಂದ್ರ ಇಲ್ಲ. ನಿಮ್ಮ ಕಲಬುರಗಿ ಊರೂ ಸರಡಗಿ ಬ್ಯಾರೇಜಿನಿಂದ ಇದೇ ಭೀಮಾನೇ ಕುಡೀತಾದ. ಬೆಣ್ಣೆತೊರಾ ಹೊಳಿ ಜೋಡಿ ಅದಾಳಂತ ಭೀಮಾನ ಮರೀಬ್ಯಾಡ್ರಿ.

ನೆರಳು

ಒಂದು ಸಣ್ಣ ಪ್ರಶ್ನಿ. ನಮ್ಮ ಯಜಮಾನ್ರು ಈ ಗದ್ದಲಾನೇ ಬ್ಯಾಡ, ಹುಲ್ಲು ಕಿತ್ತು ಅಂಗಳಕ್ಕೆಲ್ಲಾ ಶಹಾಬಾದ್ ಫರಸಿ ಹಾಕ್ಸೋಣು ಅನ್ಲಾಕತ್ತಾರ. ಕೂಲರ್ ನೀರು, ಆರ್‌ಓ ಫಿಲ್ಟರ್ ಹೊರಗ ಬಿಡೋ ನೀರು ಹುಲ್ಲಿಗಿ ಹಾಕ್ಬಹುದು ಅಂತ ನಾನು. ಯಾರದ್ದು ಖರೇ?

ತೊಗರಿಕಾಕಾ

ಇಬ್ಬರದೂ ಅರ್ಧ ತಪ್ಪು ತಾಯಿ.

ಫರಸಿ ಪೂರ್ತಿ ಹಾಸಿದರೆ ಮಧ್ಯಾಹ್ನ ಕಾದದ್ದು ರಾತ್ರಿ ಹತ್ತಾದರೂ ಆರುವುದಿಲ್ಲ. ಆ ಬಿಸಿ ಒಳಗೆ ಬರುತ್ತದೆ, ಕೂಲರ್ ಇನ್ನೆರಡು ತಾಸು ಹೆಚ್ಚು ಓಡುತ್ತದೆ, ಅದಕ್ಕೂ ನೀರೇ ಬೇಕು. ಮಳೆ ಬಂದಾಗ ನೀರು ಇಂಗುವ ಜಾಗವೂ ಹೋಯಿತು. ನಡೆಯುವ ದಾರಿಗೆ ಒಂದು ಸಾಲು ಹಾಸಿ, ಸಂದಿಗೆ ಸಿಮೆಂಟ್ ತುಂಬಬೇಡಿ.

ಆರ್‌ಓ ಬಿಡುವ ನೀರಿನಲ್ಲಿ ಉಪ್ಪು ಹೆಚ್ಚಿರುತ್ತದೆ. ಕೂಲರ್ ತಳದ ನೀರೂ ಹಾಗೆಯೇ. ನೀರು ಆವಿಯಾಗಿ ಉಪ್ಪು ಉಳಿಯುತ್ತದೆ, ಕೂಲರ್ ಹುಲ್ಲಿನ ಮೇಲೆ ಬೆಳ್ಳಗೆ ಕಟ್ಟಿರುವುದು ಅದೇ. ವಾಷಿಂಗ್ ಮಷಿನ್ನಿನ ಸೋಪಿನ ನೀರಿನಲ್ಲಿ ಸೋಡಿಯಂ. ಎರಿ ಮಣ್ಣಿಗೆ ಸೋಡಿಯಂ ಬಿದ್ದರೆ ಒಣಗಿದಾಗ ಇಟ್ಟಂಗಿ ಆಗುತ್ತದೆ. ಇವೆಲ್ಲ ಫರಸಿ ಒರೆಸಲು, ಪಾಯಖಾನೆಗೆ ಹಾಕಲು ಸರಿ. ಗಿಡಕ್ಕೆ ಅಕ್ಕಿ, ಬೇಳೆ, ಕಾಯಿಪಲ್ಲೆ ತೊಳೆದ ನೀರು, ಬಟ್ಟೆಯ ಕೊನೆಯ ಜಾಲಾಡಿದ ನೀರು ಹಾಕಿ. ಬುಡಕ್ಕೆ ಒಣ ಬೇವಿನೆಲೆ ಮುಚ್ಚಿ. ಬೀದರ್ ಕಡೆಯವರಿಗೆ ಕಬ್ಬಿನ ರವದಿ ಸಿಗುತ್ತದೆ, ಇನ್ನೂ ಚಲೋ.

ಮತ್ತೆ ಒಂದು ಮಾತು. ಹುಲ್ಲು ಒಂದು ಮಳೆಗೆ ಎದ್ದು ಬರುತ್ತದೆ, ಗಿಡ ಹಾಗಲ್ಲ. ಮೂರು ವರ್ಷದೊಳಗಿನ ಬೇವು, ಹೊಂಗೆ, ಮಾವು ಸತ್ತರೆ ಮತ್ತೆ ಮೊದಲಿಂದ. ಇರುವ ನೀರು ಮೊದಲು ಅವಕ್ಕೆ. ಗಿಡದಿಂದ ಒಂದು ಗೇಣು ದೂರ ಮಣ್ಣಿನ ಗಡಗಿ ಕುತ್ತಿಗೆವರೆಗೆ ಹೂಳಿ, ನೀರು ತುಂಬಿ ಬಾಯಿಗೆ ಫರಸಿ ಚೂರು ಮುಚ್ಚಿ. ಬೇರು ತಾನೇ ಗಡಗಿ ಹುಡುಕಿಕೊಂಡು ಬಂದು ತಬ್ಬಿಕೊಳ್ಳುತ್ತದೆ. ಹೊಸ ಗಡಗಿಯೇ ಆಗಲಿ, ಎಣ್ಣೆ ಹಿಡಿದ ಗಡಗಿ ಜಿನುಗುವುದಿಲ್ಲ.

ಮಟಮಟ_ಮಧ್ಯಾಹ್ನ

ಎಲ್ಲಾ ಖರೇ ಕಾಕಾ. ಈಗ ನಾನೊಂದು ಕೇಳ್ತೀನಿ, ನಾನೂ ಅದೇ ಲೇಔಟಿನಂವ. ನೋಟಿಸ್ ಅಂಟಿಸಿದ ಸಂಘದೋರ ಪಾರ್ಕಿನಾಗ ನಿನ್ನಿ ಮಧ್ಯಾಹ್ನ ಒಂದೂವರಿಗಿ ಸ್ಪ್ರಿಂಕ್ಲರ್ ತಿರಗ್ಲಾಕತ್ತಿತ್ತು. ಅರ್ಧ ನೀರು ಹುಲ್ಲಿಗಿ, ಅರ್ಧ ನಡಿಯೋ ದಾರಿಗಿ. ದಾರಿ ಮ್ಯಾಲಿನ ನೀರಾಗ ಎರಡು ನಾಯಿ ಮಕ್ಕೊಂಡಿದ್ವು. ಅವಕ್ಕ ಪುಣ್ಯ ಬಂತು ಬಿಡ್ರಿ. 500 ರೂಪಾಯಿ ಪಾವತಿ ಯಾರ ಹೆಸರಿಗಿ ಹರೀಬೇಕು?

ಕೊಡಪಾನ

ಇದಕ್ಕೇ ನೋಡ್ರಿ ಯಾರೂ ನಿಯಮ ಪಾಲ್ಸಂಗಿಲ್ಲ.

ಹಸಿರಂಗಳ

ಮೊದಲು ನನಗೂ ಅದೇ ಸಿಟ್ಟಿತ್ತು. ಪಾರ್ಕಿನೋರು ನಿಲ್ಲಿಸಲಿ, ಆಮ್ಯಾಲ ನಾನು ಅಂತ. ಈಗ ಪಕ್ಕದ ಮನಿ ಟ್ಯಾಂಕಿನ ಕಥಿ ಕೇಳಿದ ಮ್ಯಾಲ ಹಂಗ ಅನ್ಲಾಕ ಬಾಯಿ ಬರವಲ್ದು. ಆದ್ರೂ ಪಾರ್ಕಿಂದು ತಪ್ಪೇ.

ಸಂಘದ_ಸದಸ್ಯ

ಯಾರೋ ಈ ಚರ್ಚೆಯ ಲಿಂಕ್ ಕಳಿಸಿದರು. ಮುಚ್ಚಿಡುವುದೇನಿಲ್ಲ. ಪಾರ್ಕಿನ ಸ್ಪ್ರಿಂಕ್ಲರ್ ಟೈಮರ್ ಮೇಲಿದೆ. ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ತಪ್ಪುತ್ತದೆ. ಬೆಳಗಿನ ಐದೂವರೆಗೆ ಇಟ್ಟದ್ದು ಮಧ್ಯಾಹ್ನಕ್ಕೆ ಹೋಗಿದೆ, ನಾವು ನೋಡಿಲ್ಲ. ನಾವು ನಿಯಮ ಹಾಕಿ ನಾವೇ ನೋಡದಿದ್ದದ್ದು ತಪ್ಪು. ಇವತ್ತು ವೈರ್ ಬಿಚ್ಚಿಸಿದ್ದೇನೆ. ಮಳೆ ಬರುವ ತನಕ ಪಾರ್ಕಿನ ಹುಲ್ಲಿಗೆ ನೀರಿಲ್ಲ. ದಂಡದ 500 ನಾನೇ ಕಟ್ಟುತ್ತೇನೆ, ಪಾವತಿ ಸಂಘದ ಹೆಸರಿಗೇ ಹರಿಯಿರಿ.

ಆದರೆ ಕಳೆದ ಜುಲೈನಲ್ಲಿ ಹಚ್ಚಿದ 22 ಬೇವಿನ ಸಸಿ ಇವೆ. ಕಾಕಾ ಹೇಳಿದ ಗಡಗಿ ಉಪಾಯ ಅವಕ್ಕೆ ಮಾಡಬಹುದು. ಶನಿವಾರ ಬೆಳಿಗ್ಗೆ ಆರಕ್ಕೆ ಬರುವವರು ಯಾರ್ಯಾರು? ಗುದ್ದಲಿ ನಾಲ್ಕೇ ಇವೆ.

ಪಕ್ಕದ_ಮನಿ

ನಾ ಬರ್ತೀನಿ. ಹಸಿರಂಗಳ ಸರನ್ನೂ ಎಬ್ಬಿಸ್ಕೊಂಡು ಬರ್ತೀನಿ, ಮೋಟಾರ್ ಸಪ್ಪಳ ಇಲ್ಲಂದ್ರ ಅವರಿಗಿ ಎಚ್ಚರ ಆಗಂಗಿಲ್ಲ.

ಹಸಿರಂಗಳ

ಸರ್ ಚಾ ಕುಡದು ಹೋಗಿ ಇಲ್ಲಿ ಬಂದು ಕಾಲು ಎಳೀಲಾಕತ್ತಾರ ನೋಡ್ರಿ.

ಕಾಕಾ, ಒಂದು ಹಿಡಿ ಕಿತ್ತು ನೋಡಿದೆ. ಕರಕಿ ಗೆಣ್ಣು ಬೆಳ್ಳಗದ, ಉಗುರಿಗಿ ಹಸಿ ಹತ್ತದ. ಕಾರ್ಪೆಟ್ ಹುಲ್ಲು ಗ್ವಾಡಿ ಅಂಚಿಗಿ ಪುಡಿ ಆತು, ನಡುವ ಇನ್ನೂ ಜೀವ ಅದ. ಗ್ವಾಡಿ ಅಂಚು ಬಿಟ್ಟುಬಿಡ್ತೀನಿ. ಉಳಿದದ್ದಕ್ಕ ನಮ್ಮ ಪಾಳಿ ಬುಧವಾರ, ಮೂರು ವಾರಕ್ಕೊಮ್ಮೆ, ಬಕೀಟ್ ಎಣಿಸಿ. ನಮ್ಮವ್ವ ಮಾತ್ರ ತುಳಸಿ ಕಟ್ಟಿಗಿ ದಿನಾ ಒಂದು ಚರಗಿ ಹಾಕೇ ಹಾಕ್ತೀನಿ ಅಂತಾಳ. ಅದಕ್ಕ ಯಾವ ಸಂಘದ ನೋಟಿಸೂ ನಡಿಯಂಗಿಲ್ಲ.

ಕರಿಮಣ್ಣು

ಗೆಣ್ಣು ಬೆಳ್ಳಗದ ಅಂದ್ರ ಗಣೇಶ ಚವತಿಗಿ 21 ಕರಕಿ ನಿಮ್ಮನ್ಯಾಗೇ. ನಮ್ಮ ಹೊಲದಾಗೂ ಬೇಕಾದಷ್ಟದ, ಬಂದು ಬೇರು ಸಮೇತ ಒಯ್ದ್ರ ನಾನೇ ಊಟ ಹಾಕ್ತೀನಿ.

ನೆರಳು

ಶನಿವಾರ ನಾವೂ ಬರ್ತೀವಿ. ಫರಸಿ ಕ್ಯಾನ್ಸಲ್. ಒಂದು ಕೇಳ್ಬೇಕಿತ್ತು ಕಾಕಾ, ನಮ್ಮನ್ಯಾಗ ಹೊಸ ಗಡಗಿ ಇಲ್ಲ. ಪ್ಲಾಸ್ಟಿಕ್ ಕೊಡ ಎರಡು ಅದಾವ, ತಳಾ ಸೀಳಿ ಸೋರ್ತಾವಂತ ಅಟ್ಟಕ್ಕ ಒಗದೀನಿ. ನಡೀತಾವೇನ್ರಿ?

ತೊಗರಿಕಾಕಾ

ಎಷ್ಟು ಸೋರುತ್ತವೆ? ಧಾರೆಯೋ, ಹನಿಯೋ?

ನೆರಳು

ಹನಿ. ರಾತ್ರಿ ತುಂಬಿಟ್ರ ಮುಂಜಾನಿ ಅರ್ಧ ಆಗಿರ್ತದ.

ತೊಗರಿಕಾಕಾ

ಎರಡನ್ನೂ ತನ್ನಿ.